ಸಭೆಯಲ್ಲಿ ತಲೆಯಾಡಿಸಿದವರು

ವಿದೇಶದಲ್ಲಿ ಕೊಂಡ ಕಂಪನಿಯನ್ನು ತಮ್ಮ ಸಂಸ್ಥೆಯೊಳಗೆ ಬೆಸೆಯುವ ಹೊಣೆ ಹೊತ್ತು, ನಿದ್ದೆಗೆಟ್ಟು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುವವರನ್ನು ಮತ್ತೆ ಮತ್ತೆ ಕಾಣುತ್ತಿರುವುದರಿಂದ, ಅವರಲ್ಲೊಬ್ಬರ ಒಪ್ಪಿಗೆ ಪಡೆದು, ಗುರುತಿನ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಹಿರಿಯ ಅಧಿಕಾರಿಯಾದ ಅವರು ಎಂಟು ತಿಂಗಳಿಂದ ಪರದೇಶದಲ್ಲಿದ್ದರು.

ಮೂರನೆಯ ಭೇಟಿಯಲ್ಲಿ ಅವರು ನಾಲ್ಕು ಮಡಿಕೆಯ ಹಾಳೆಯೊಂದನ್ನು ಮೇಜಿನ ಮೇಲಿಟ್ಟರು. ಅಲ್ಲಿನ ಮುಖ್ಯ ವಿನ್ಯಾಸಕಿಯ ರಾಜೀನಾಮೆ ಪತ್ರ. ಒಂದೇ ಸಾಲು, ಕಾರಣವಿಲ್ಲ. "ಮೇಡಂ, ಪ್ರತಿ ಸಭೆಯಲ್ಲೂ ಎಲ್ಲರೂ ತಲೆಯಾಡಿಸುತ್ತಾರೆ, ಒಬ್ಬರೂ ಎದುರಾಡುವುದಿಲ್ಲ. ತಿಂಗಳ ಕೊನೆಗೆ ಇಂಥದ್ದೊಂದು ಬರುತ್ತದೆ."

"ಅಷ್ಟು ದೊಡ್ಡ ಮೊತ್ತ ಕೊಟ್ಟು ನೀವು ಕೊಂಡದ್ದಾದರೂ ಏನನ್ನು?" ಎಂದೆ.

ಬಹಳ ಹೊತ್ತು ಹಾಳೆಯ ಮಡಿಕೆಯನ್ನೇ ಉಗುರಿನಿಂದ ತೀಡುತ್ತಿದ್ದು, "ಇವರ ಕೈಚಳಕವನ್ನು" ಎಂದರು.

ನಾನು ಕೊಟ್ಟ ಸಲಹೆ ಇಷ್ಟೇ: ಕಾರ್ಯವಿಧಾನಗಳನ್ನು ಒಂದುಗೂಡಿಸುವ ಕೆಲಸವನ್ನು ಕೆಲಕಾಲ ತಡೆಹಿಡಿಯಲು ಆಡಳಿತ ಮಂಡಳಿಯನ್ನು ಕೇಳಿ, ಅಲ್ಲಿಯವರನ್ನು ಒಬ್ಬೊಬ್ಬರನ್ನಾಗಿ ಕಂಡು, ಏನನ್ನು ಬದಲಿಸಬಾರದೆಂದು ವಿಚಾರಿಸಿ, ಯಾರ ಕೆಲಸ ಉಳಿಯುತ್ತದೆ, ಯಾರದು ಹೋಗುತ್ತದೆ ಎಂಬುದನ್ನು ನಿಗದಿತ ದಿನದೊಳಗೆ ತಿಳಿಸಿ.

ವ್ಯವಹಾರದ ಮಾತು ಆಪ್ತಸಲಹೆಗಾರರಿಗೇಕೆ ಎಂದು ಕೇಳುವವರಿದ್ದಾರೆ. ಮಾರುಕಟ್ಟೆ ಬೆಲೆಗಿಂತ ಹೆಚ್ಚು ತೆತ್ತವರು ಆ ಹೆಚ್ಚುವರಿ ಹಣವನ್ನು ಬೇಗ ಮರಳಿ ಗಳಿಸಲು ವೆಚ್ಚ ಕಡಿತಕ್ಕೆ ಕೈಹಾಕುತ್ತಾರೆ. ಆ ಅವಸರಕ್ಕೆ ಹೆದರಿ ಮೊದಲು ಹೊರಡುವವರು ಬೇರೆಡೆ ಸುಲಭವಾಗಿ ಕೆಲಸ ಸಿಗುವ ನುರಿತವರೇ. ಇದು ಲೆಕ್ಕದ ವಿಷಯವಾಗಿರುವಷ್ಟೇ ಮನಸ್ಸಿನ ವಿಷಯವೂ ಹೌದೆಂದು ನಾನು ದೃಢವಾಗಿ ನಂಬಿದ್ದೇನೆ. 1998ರಲ್ಲಿ ಜರ್ಮನಿಯ ಕಾರು ಕಂಪನಿ ಡೈಮ್ಲರ್-ಬೆನ್ಜ್ ಅಮೆರಿಕದ ಕಾರು ಕಂಪನಿ ಕ್ರೈಸ್ಲರ್ ಜೊತೆ ಸುಮಾರು 3,600 ಕೋಟಿ ಡಾಲರ್ ಮೌಲ್ಯದ ಒಪ್ಪಂದ ಮಾಡಿಕೊಂಡಾಗ ಅದನ್ನು ಸಮಾನರ ವಿಲೀನವೆಂದೇ ಕರೆದಿತ್ತು. ಆ ಮಾತಿನಲ್ಲಿ ನಂಬಿಕೆ ಕುಸಿಯುತ್ತ ಹೋಯಿತು, ಕ್ರೈಸ್ಲರ್‌ನ ಹಿರಿಯರು ಹಲವರು ಹೊರಬಿದ್ದರು, 2007ರಲ್ಲಿ ಅದರ ಶೇ 80ರಷ್ಟು ಪಾಲು ಮಾರಾಟವಾಯಿತು. 2010ರಲ್ಲಿ ವೋಲ್ವೊ ಕಾರುಗಳ ಕಂಪನಿಯನ್ನು ಕೊಂಡ ಚೀನಾದ ಗೀಲಿಯಾದರೋ ಅದರ ಕೇಂದ್ರ ಕಚೇರಿಯನ್ನು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲೇ ಉಳಿಸಿ, ಹೊಸ ಮಾದರಿಗಳಿಗೆ ಹಣ ಹೂಡಿತು.

ಕಿವಿಗೊಟ್ಟ ಮಾತ್ರಕ್ಕೆ ಎಲ್ಲ ಖರೀದಿಯೂ ಉಳಿಯುವುದಿಲ್ಲವೆಂಬುದನ್ನೂ ಅವರಿಗೆ ಹೇಳಿದೆ. ಟಾಟಾ ಸ್ಟೀಲ್ 2007ರಲ್ಲಿ ಪೈಪೋಟಿಯ ಹರಾಜಿನಲ್ಲಿ ಬ್ರಿಟಿಷ್-ಡಚ್ ಉಕ್ಕು ಕಂಪನಿ ಕೋರಸ್ ಅನ್ನು ಸಾಲ ಮಾಡಿ ಕೊಂಡ ಮರುವರ್ಷವೇ ಉಕ್ಕಿನ ಬೇಡಿಕೆ ನೆಲಕಚ್ಚಿತು; ಆ ಸಾಲದ ಹೊರೆಯನ್ನು ಯಾವ ಮಾತುಕತೆಯೂ ಇಳಿಸುವಂತಿರಲಿಲ್ಲ.

ಮಂಡಳಿ ಅವರಿಗೆ ಮೂರು ತಿಂಗಳ ಕಾಲಾವಕಾಶ ಕೊಟ್ಟಿತು. ಅವರು ಮೊದಲು ಫೋನ್ ಮಾಡಿದ್ದು ಆ ವಿನ್ಯಾಸಕಿಗೆ. ಆಕೆ ಹಿಂದಿರುಗಲು ಒಪ್ಪಲಿಲ್ಲ. ಆದರೆ ಯಾವುದನ್ನು ಮುಟ್ಟಬಾರದಿತ್ತೆಂಬುದನ್ನು ಒಂದು ಗಂಟೆ ಬಿಡಿಸಿ ಹೇಳಿದರಂತೆ.