ಸಫಾರಿ ನಿಂತರೆ ಹುಲಿ ಹೊಲಕ್ಕೆ ಬರೋದು ನಿಲ್ಲುತ್ತಾ?

ಪ್ರಶ್ನೆ: ನಮ್ಮೂರು ಗುಂಡ್ಲುಪೇಟೆ ಹತ್ತಿರ. ಸಫಾರಿ ಜೀಪುಗಳ ಕಾಟಕ್ಕೇ ಹುಲಿಗಳು ಕಾಡು ಬಿಟ್ಟು ಹೊಲಕ್ಕೆ ಬರುತ್ತಿವೆ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಸಫಾರಿ ಪೂರ್ತಿ ಬಂದ್ ಮಾಡಬಾರದೇ?

ಉತ್ತರ: ಮತ್ತೆ ಇದೇ ಪ್ರಶ್ನೆ! 2025ರ ನವೆಂಬರ್‌ನಲ್ಲಿ ಸರಗೂರು ಕಡೆ ಹುಲಿ ದಾಳಿಗೆ ರೈತರು ಬಲಿಯಾಗಿ, ಸರ್ಕಾರ ಬಂಡೀಪುರ, ನಾಗರಹೊಳೆ ಸಫಾರಿ ನಿಲ್ಲಿಸಿದ ಮೇಲಂತೂ ಕೇಳೋದೇ ಬೇಡ. ನಿಮ್ಮ ಸಿಟ್ಟು ಸರಿ. ನೀವು ಹೇಳುವ ಕಾರಣ ಸರಿಯಿಲ್ಲ.

ಹೊಲಕ್ಕೆ ಬರೋ ಹುಲಿ ಎಂಥದ್ದು ಅಂತ ನೋಡಿ. ಮುದಿಯಾಗಿ ಹಲ್ಲು ಸವೆದದ್ದು, ಜಗಳದಲ್ಲಿ ಗಾಯವಾದದ್ದು. ಇಲ್ಲವೇ ಆಗಷ್ಟೇ ತಾಯಿಯಿಂದ ಬೇರೆಯಾದ ಎಳೆ ಗಂಡು. ಕಾಡಿನ ಒಳಗೆ ಬೇರೆ ಹುಲಿಗಳು ಬಿಡಲ್ಲ, ಅದಕ್ಕೆ ಕಾಡಂಚೇ ಗತಿ. ರಾಜ್ಯದಲ್ಲಿ 2018ರಲ್ಲಿ 524 ಇದ್ದ ಹುಲಿ 2022ರ ಗಣತಿಗೆ 563 ಆದವು. ಕಾಡು ಅಷ್ಟೇ ಇದೆ. ಇರುವ ಕಾಡಿನಲ್ಲೂ ಲಂಟಾನ ಅನ್ನೋ ಕಳೆಗಿಡ ಹಬ್ಬಿ ಹುಲ್ಲು ಹಾಳಾಗಿದೆ, ಜಿಂಕೆಗೆ ಮೇವಿಲ್ಲ. ಅಂಚಿನಲ್ಲಿ ಕಟ್ಟಿದ ದನ ಸುಲಭದ ಊಟ. ಇದರಲ್ಲಿ ಜೀಪಿನ ಪಾಲು ತೀರಾ ಕಡಿಮೆ. ಜೀಪಿಗೆ ಅಷ್ಟು ಹೆದರುವ ಹುಲಿ ಸಫಾರಿ ದಾರಿಯಲ್ಲೇ ಬಂದು ಮಲಗುತ್ತಿರಲಿಲ್ಲ.

ಇದನ್ನು ಓದಿ ರಿಸಾರ್ಟಿನವರು ಖುಷಿಪಡಬೇಕಾಗಿಲ್ಲ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ವಿಜ್ಞಾನಿಗಳು ಮಧ್ಯಪ್ರದೇಶದ ಹುಲಿ ಕಾಡುಗಳಾದ ಕಾನ್ಹಾ, ಬಾಂಧವಗಢಗಳಲ್ಲಿ ಹುಲಿಯ ಹಿಕ್ಕೆ ಪರೀಕ್ಷಿಸಿದರು. ಪ್ರವಾಸಿಗರು ಬರುವ ತಿಂಗಳುಗಳಲ್ಲಿ ಒತ್ತಡದ ಹಾರ್ಮೋನು ಜಾಸ್ತಿ ಇತ್ತು. ಯಾಕೆ ಅಂತ ಕೇಳಬೇಕಾಗಿಲ್ಲ. ಹುಲಿ ಕಂಡು ಕಡವೆ ಕೂಗಿತೋ ಇಲ್ಲವೋ, ಡ್ರೈವರ್ ಗಾಡಿ ಬಿಡುತ್ತಾನೆ. ಹಿಂದೆಯೇ ಇನ್ನೆರಡು ಜೀಪು. ತಾಯಿ ದಾರಿ ದಾಟಿರುತ್ತದೆ, ಮರಿಗಳು ಈಚೆಗೆ ಉಳಿದಿರುತ್ತವೆ, ನಡುವೆ ಕ್ಯಾಮೆರಾ ಹಿಡಿದವರು! ಟಿಪ್ಸ್ ಆಸೆಗೆ ಅಡ್ಡಗಟ್ಟುವ ಡ್ರೈವರನ್ನು ಅವತ್ತೇ ಇಳಿಸಬೇಕು.

2012ರಲ್ಲಿ ಸುಪ್ರೀಂ ಕೋರ್ಟ್ ಹುಲಿ ಕಾಡಿನ ಒಳಭಾಗದಲ್ಲಿ ಪ್ರವಾಸವನ್ನೇ ಕೆಲಕಾಲ ತಡೆದಿತ್ತು. ಆಮೇಲೆ ಬಂದ ನಿಯಮದಂತೆ ಆ ಭಾಗದ ಶೇ 20ಕ್ಕಿಂತ ಹೆಚ್ಚು ಜಾಗದಲ್ಲಿ ಸಫಾರಿ ಮಾಡುವಂತಿಲ್ಲ. ನನಗೆ ಹೆಚ್ಚು ಭಯ ಇರೋದು ಗೇಟಿನ ಹೊರಗೆ. ಆನೆ ಓಡಾಡುವ ದಾರಿಯಲ್ಲೇ ರಿಸಾರ್ಟು, ಬೇಲಿ, ರಾತ್ರಿಯಿಡೀ ದೀಪ, ಡಿಜೆ. ಇದಕ್ಕೆ ಜಮೀನು ಮಾರಿದವರು ಯಾರು? ಲೈಸೆನ್ಸ್ ಕೊಟ್ಟವರು ಯಾರು? ಮೊದಲು ನಿಮ್ಮ ಪಂಚಾಯಿತಿಯಲ್ಲಿ ಕೇಳಿ.

ಸಫಾರಿ ಇರಲಿ, ಗಾಡಿಗಳು ಕಡಿಮೆಯಾಗಲಿ. ಸಫಾರಿಯಿಂದ ಬರುವ ದುಡ್ಡು ಲಂಟಾನ ಕೀಳೋಕೆ, ಆದಿವಾಸಿ ಹಾಡಿಯ ಹುಡುಗರ ವಾಚರ್ ಸಂಬಳಕ್ಕೆ ಹೋದರೆ ಮಾತ್ರ ಅದರಿಂದ ಕಾಡಿಗೆ ಉಪಯೋಗ. ನೀವಂತೂ ಮಬ್ಬುಗತ್ತಲಲ್ಲಿ ಒಬ್ಬರೇ ಹೊಲಕ್ಕೆ ಹೋಗಬೇಡಿ. ಹುಲಿ ಕಂಡರೆ ಇಲಾಖೆಗೆ ಫೋನ್ ಮಾಡಿ, ಮೊಬೈಲ್ ಹಿಡಿದು ಗುಂಪು ಕಟ್ಟಬೇಡಿ. ಅರ್ಧ ಅನಾಹುತ ಆಗೋದೇ ಅಲ್ಲಿ.

ಪ್ರಶ್ನೆ: ಕೆಂಪು ಬಟ್ಟೆ ಹಾಕಿದರೆ ಆನೆ ನುಗ್ಗುತ್ತಂತೆ, ನಿಜವೇ?

ಉತ್ತರ: ಆನೆಗೆ ಕೆಂಪು, ಹಸಿರಿನ ವ್ಯತ್ಯಾಸವೇ ಸರಿಯಾಗಿ ಕಾಣಲ್ಲ. ಅದು ನುಗ್ಗೋದು ನೀವು ಸೆಲ್ಫಿಗೆ ಅಂತ ಕಾರಿಳಿದಾಗ.

ಪ್ರಶ್ನೆ: ಏಜೆಂಟೊಬ್ಬರು ಬಂಡೀಪುರದಲ್ಲಿ ನೈಟ್ ಸಫಾರಿ ಮಾಡಿಸುತ್ತೇನೆ ಅನ್ನುತ್ತಾರೆ. ಹೋಗಬಹುದೇ?

ಉತ್ತರ: ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಹೆದ್ದಾರಿಯೇ ಬಂದ್. ಅವರು ಮೋಸಗಾರರು. ದುಡ್ಡು ಕೊಡಬೇಡಿ.

ಪ್ರಶ್ನೆ: ಯಾವ ತಿಂಗಳಲ್ಲಿ ಹೋದರೆ ಹುಲಿ ಗ್ಯಾರಂಟಿ?

ಉತ್ತರ: ಗ್ಯಾರಂಟಿ ಬೇಕಿದ್ದರೆ ಮೈಸೂರು ಮೃಗಾಲಯಕ್ಕೆ ಹೋಗಿ. ಮಂಗಳವಾರ ರಜೆ.