1826ರ ಸ್ಯಾಂಪ್ಲರ್ ಅಸಲಿಯೇ? ತೊಳೆಯಬಹುದೇ?

ಇಂಗ್ಲೆಂಡಿನಲ್ಲಿ ಕೊಂಡ, ಹುಡುಗಿಯ ಹೆಸರು, ವಯಸ್ಸು, 1826 ಎಂಬ ಇಸವಿ ಹೊಲಿದ ಲಿನನ್ ಸ್ಯಾಂಪ್ಲರ್ (ಹುಡುಗಿಯರು ಅಕ್ಷರ, ಅಂಕಿ ಹಾಕಿ ಹೊಲಿಗೆ ಕಲಿಯುತ್ತಿದ್ದ ಬಟ್ಟೆ) ಅಸಲಿಯೇ, ಕಂದುಬಣ್ಣಕ್ಕೆ ತಿರುಗಿರುವುದನ್ನು ತೊಳೆಯಬಹುದೇ ಎಂದು ಕೇಳಿದ್ದೀರಿ.

ದಯವಿಟ್ಟು ತೊಳೆಯಬೇಡಿ. ಆ ಕಾಲದ ರೇಷ್ಮೆ ದಾರದ ಬಣ್ಣ ನೀರು ಸೋಕಿದರೆ ಬಿಡಬಹುದು. ಕೆಂಪು ಒಮ್ಮೆ ಲಿನನ್ನಿಗೆ ಹರಡಿತೆಂದರೆ ಮತ್ತೆ ತೆಗೆಯುವುದು ಬಹುಮಟ್ಟಿಗೆ ಆಗದ ಮಾತು.

ಅಸಲಿಯೇ ಎಂದು ತಿಳಿಯಲು ಫ್ರೇಮ್ ಬಿಚ್ಚಿ ಹಿಂಬದಿ ನೋಡಿ. ಬೆಳಕು ಬೀಳದ ಆ ಬದಿಯಲ್ಲಿ ಹಸಿರು, ಗುಲಾಬಿ ಗಾಢವಾಗಿದ್ದು ಮುಂದೆ ಮಾಸಿದ್ದರೆ ಒಳ್ಳೆಯ ಲಕ್ಷಣ. ಚಹಾದಲ್ಲಿ ಅದ್ದಿ ಹಳತು ಮಾಡಿದ್ದರೆ ಎರಡೂ ಬದಿ, ಹೊಲಿಗೆಯ ಅಡಿಯೂ ಒಂದೇ ಸಮ ಕಂದಾಗಿರುತ್ತದೆ. ಕಪ್ಪು, ಕಡುಕಂದು ದಾರ ಉದುರಿ ಬರೀ ಸೂಜಿತೂತು ಉಳಿದಿದೆಯೇ? ಅದೂ ಹಳತಿನ ಲಕ್ಷಣವೇ: ಬಣ್ಣ ಹಿಡಿಸಲು ಬಳಸಿದ ಕಬ್ಬಿಣದ ಉಪ್ಪು ರೇಷ್ಮೆಯನ್ನು ತಿನ್ನುತ್ತದೆ. ದಯವಿಟ್ಟು ಆ ಜಾಗವನ್ನು ಹೊಸ ದಾರದಿಂದ ತುಂಬಬೇಡಿ. ಕಣ್ಣು ಕುಕ್ಕುವ ನೇರಳೆ ಇದ್ದರೆ ಅನುಮಾನಿಸಿ: ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಪರ್ಕಿನ್ ಮೊದಲ ಕೃತಕ ನೇರಳೆ ಬಣ್ಣ ಕಂಡುಹಿಡಿದದ್ದು 1856ರಲ್ಲಿ. ನೇರಳಾತೀತ ಟಾರ್ಚಿನಡಿ ಬಟ್ಟೆ ನೀಲಿಬಿಳಿಯಾಗಿ ಹೊಳೆದರೆ ಅದರಲ್ಲಿ ಬಟ್ಟೆಯನ್ನು ಬೆಳ್ಳಗೆ ಕಾಣಿಸುವ 20ನೇ ಶತಮಾನದ ರಾಸಾಯನಿಕ ಇದೆ. ಬಟ್ಟೆಯೇ ಹೊಸದಿರಬಹುದು, ಇಲ್ಲವೇ ಯಾರೋ ಈಚೆಗೆ ಸೋಪಿನಪುಡಿಯಲ್ಲಿ ತೊಳೆದಿರಬಹುದು.

ಅಕ್ಷರಮಾಲೆಯಲ್ಲಿ ಜೆ, ಯು ಇಲ್ಲದಿದ್ದರೆ ಹುಡುಗಿ ಮರೆತಳೆಂದುಕೊಳ್ಳಬೇಡಿ. ಹಳೆಯ ರೂಢಿಯಲ್ಲಿ ಐ, ವಿ ಅವುಗಳ ಕೆಲಸವನ್ನೂ ಮಾಡುತ್ತಿದ್ದವು. ಮನೆಯ ಹಾಸಿಗೆ ಬಟ್ಟೆ, ಟವೆಲುಗಳಿಗೆ ಗುರುತು ಹಾಕಲು ಕಲಿಯುವುದೇ ಈ ಅಕ್ಷರ, ಅಂಕಿಗಳ ಉದ್ದೇಶ. ನಮ್ಮ ಕಸೂತಿಯ ಮೆಂತ್ಯೆಯಂತೆಯೇ ಎಳೆ ಎಣಿಸಿ ಹಾಕುವ ಅಡ್ಡಹೊಲಿಗೆ ಇದು: ಸಾಮಾನ್ಯವಾಗಿ 2 ಎಳೆ ಅಡ್ಡ, 2 ಎಳೆ ಉದ್ದ. ಭೂತಗನ್ನಡಿಯಲ್ಲಿ ಇಸವಿಯನ್ನೂ ನೋಡಿ. ಹೊಲಿದವಳೇ ಮುಂದೆ ತನ್ನ ವಯಸ್ಸು ಮುಚ್ಚಿಡಲು ಅಂಕಿ ಬಿಚ್ಚಿದ ಸ್ಯಾಂಪ್ಲರ್‌ಗಳಿವೆ, ಖಾಲಿ ತೂತುಗಳೇ ಸಾಕ್ಷಿ.

ಕಂದಾಗಲು ಒಂದು ದೊಡ್ಡ ಕಾರಣ ಫ್ರೇಮಿನ ಹಿಂಬದಿಯ ಮರದ ಹಲಗೆಯ ಆಮ್ಲ. ಅದನ್ನು ತೆಗೆದು, ಆಮ್ಲರಹಿತ ರಟ್ಟಿಗೆ ತೊಳೆದ ಬಿಳಿ ಹತ್ತಿಬಟ್ಟೆ ಸುತ್ತಿ, ಸ್ಯಾಂಪ್ಲರ್ ಅಂಚನ್ನು ಸಣ್ಣ ಸೂಜಿಯಿಂದ ಎಳೆಗಳ ನಡುವೆ ಚುಚ್ಚಿ ಸಡಿಲವಾಗಿ ಹೊಲಿಯಿರಿ. ಅಂಟು, ಟೇಪು, ಮೊಳೆ ಬೇಡವೇ ಬೇಡ. ಗಾಜು ಬಟ್ಟೆಗೆ ತಾಗಬಾರದು, 5 ಮಿ.ಮೀ. ಅಂತರ ಬಿಡಿ, ತಾಗಿದರೆ ಮಳೆಗಾಲದಲ್ಲಿ ತೇವ ಕೂತು ಬೂಷ್ಟು ಹಿಡಿಯುತ್ತದೆ. ಮ್ಯೂಸಿಯಂಗಳಲ್ಲಿ ಇಂಥವಕ್ಕೆ ಬೆಳಕು ಸುಮಾರು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮಾತ್ರ, ಅಂದರೆ ಮಂದ ಬೆಳಕು. ಮನೆಯಲ್ಲಾದರೆ ಕಿಟಕಿಯ ಎದುರುಗೋಡೆ ಬಿಟ್ಟು ಒಳಗಿನ ಕಾರಿಡಾರಿನಲ್ಲಿ ತೂಗುಹಾಕಿ.