ಬಸಿರಲ್ಲಿ ಹಲ್ಲುನೋವು: ಹೆರಿಗೆವರೆಗೂ ಕಾಯಬೇಕೇ?

ಪ್ರಶ್ನೆ: ನನಗೀಗ ಐದು ತಿಂಗಳು. ಬ್ರಷ್ ಮಾಡಿದಾಗೆಲ್ಲ ವಸಡಿನಲ್ಲಿ ರಕ್ತ ಬರುತ್ತದೆ. ಕೆಳಗಿನ ದವಡೆ ಹಲ್ಲು ಹುಳುಕಾಗಿ ರಾತ್ರಿಯೆಲ್ಲ ನೋವು. ಹೆರಿಗೆಯಾಗುವವರೆಗೆ ಹಲ್ಲು ಮುಟ್ಟಿಸಬಾರದು ಅಂತಾರೆ ನಮ್ಮತ್ತೆ. ಮಗು ಕ್ಯಾಲ್ಸಿಯಂ ಎಳೆದುಕೊಳ್ಳುವುದರಿಂದ ಹಲ್ಲು ಹಾಳಾಗುತ್ತದಂತೆ, ನಿಜವೇ?

ಉತ್ತರ: ಕಾಯಬೇಡಿ. ನಾಲ್ಕರಿಂದ ಆರನೇ ತಿಂಗಳೇ ಇದಕ್ಕೆ ಹದವಾದ ಕಾಲ. ವಾಂತಿ ಇಳಿದಿರುತ್ತದೆ, ಹೊಟ್ಟೆ ಇನ್ನೂ ಅಷ್ಟು ಭಾರವಾಗಿರುವುದಿಲ್ಲ. ನಿದ್ದೆಗೆಡಿಸುವ ನೋವೆಂದರೆ ಹುಳುಕು ನರದವರೆಗೆ ಇಳಿದಿರುವ ಸಂಭವವೇ ಹೆಚ್ಚು. ಹಾಗೇ ಬಿಟ್ಟರೆ ಬೇರಿನಲ್ಲಿ ಕೀವು ತುಂಬಿ ಕೆನ್ನೆ ಊದಬಹುದು, ಜ್ವರ ಬರಬಹುದು. ಚಿಕಿತ್ಸೆಗಿಂತ ಅದೇ ಅಪಾಯ. ಜೋಮು ಹಿಡಿಸುವ ಲಿಡೋಕೇನ್ ಇಂಜೆಕ್ಷನ್‌ಗಾಗಲಿ, ಆ ಒಂದು ಹಲ್ಲಿನ ಎಕ್ಸ್‌ರೇಗಾಗಲಿ ಹೆದರಬೇಕಿಲ್ಲ. ರೂಟ್ ಕೆನಾಲ್ (ಹಲ್ಲಿನೊಳಗಿನ ಕೆಟ್ಟ ನರ ತೆಗೆದು ತುಂಬುವುದು) ಮಾಡಿಸಬಹುದು, ಉಳಿಯದ ಹಲ್ಲಾದರೆ ಕೀಳಿಸಲೂಬಹುದು.

ಹೋಗುವಾಗ ತಾಯಿ ಕಾರ್ಡ್ ಜೊತೆಗಿರಲಿ. ಬಿಪಿ, ಶುಗರ್, ನುಂಗುತ್ತಿರುವ ಮಾತ್ರೆ ಎಲ್ಲ ಹೇಳಿ. ಕುರ್ಚಿಯಲ್ಲಿ ಪೂರ್ತಿ ಅಂಗಾತ ಮಲಗಬೇಡಿ. ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತುತ್ತದೆ. ಬಲ ಸೊಂಟದಡಿ ಸಣ್ಣ ದಿಂಬಿಟ್ಟು ಎಡಕ್ಕೆ ವಾಲಿಕೊಳ್ಳಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಪ್ರಮಾಣ ವೈದ್ಯರನ್ನೇ ಕೇಳಿ. ಮೆಡಿಕಲ್ ಶಾಪ್‌ನಲ್ಲಿ ‘ಹಲ್ಲುನೋವಿಗೆ ಏನಾದ್ರೂ ಕೊಡಿ’ ಎಂದರೆ ಐಬುಪ್ರೊಫೇನ್ ಅಥವಾ ಡೈಕ್ಲೊಫೆನಾಕ್ ಕೈಗೆ ಬರಬಹುದು. 20 ವಾರ ದಾಟಿದ ಮೇಲಂತೂ ಅವು ಬೇಡವೇ ಬೇಡ. ಡಾಕ್ಸಿಸೈಕ್ಲಿನ್ ಕೂಡ ಬೇಡ. ಆ ಜಾತಿಯ ಆಂಟಿಬಯೋಟಿಕ್‌ನಿಂದ ಮಗುವಿನ ಹಾಲುಹಲ್ಲಿಗೆ ಕಲೆ ಕೂರಬಹುದು.

ಇನ್ನು ಕ್ಯಾಲ್ಸಿಯಂ ಮಾತು. ನಿಮ್ಮ ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಅದು ಮೂಳೆಯಿಂದ ಹೋಗುತ್ತದೆ, ಹಲ್ಲಿನಿಂದಲ್ಲ. ಹಲ್ಲು ಕೆಡಿಸುವುದು ವಾಂತಿಯ ಹುಳಿ, ಗಳಿಗೆಗೊಮ್ಮೆ ಬಾಯಾಡಿಸುವುದು, ಓಕರಿಕೆಗೆ ಹೆದರಿ ಬ್ರಷ್ ಬಿಡುವುದು. ವಾಂತಿಯಾದ ಕೂಡಲೇ ಹಲ್ಲುಜ್ಜಬೇಡಿ, ಹುಳಿಗೆ ಮೆತ್ತಗಾದ ಮೇಲ್ಪದರ ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಬೆರೆಸಿ ಮುಕ್ಕಳಿಸಿ ಉಗಿಯಿರಿ. ಉಜ್ಜುವುದು ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು. ಓಕರಿಕೆ ಬಂದರೆ ಮಕ್ಕಳ ಸಣ್ಣ ಬ್ರಷ್ ಬಳಸಿ.

ರಕ್ತ ಬರುವ ಜಾಗ ಬಿಟ್ಟು ಉಜ್ಜುವುದು ಬಹಳ ಜನ ಮಾಡುವ ತಪ್ಪು. ಹಾರ್ಮೋನಿನಿಂದಾಗಿ ಈಗ ಸ್ವಲ್ಪ ಪಾಚಿಗೂ ವಸಡು ಊದುತ್ತದೆ. ಉಜ್ಜದಿದ್ದಲ್ಲಿ ಪಾಚಿ ಕೂತು ರಕ್ತ ಇನ್ನೂ ಹೆಚ್ಚುತ್ತದೆ. ಮೆತ್ತನೆ ಬ್ರಷ್ಷನ್ನು ವಸಡಿನಂಚಿಗೆ ಓರೆಯಾಗಿ ಹಿಡಿದು ದಿನಕ್ಕೆರಡು ಸಲ ಉಜ್ಜಿ, ಒಮ್ಮೆ ದಂತವೈದ್ಯರಲ್ಲಿ ಸ್ಕೇಲಿಂಗ್ (ಹಲ್ಲಿಗಂಟಿದ ಪಾಚಿ ಕೆರೆದು ತೆಗೆಯುವುದು) ಮಾಡಿಸಿ. ಹಲ್ಲಿನ ಸಂದಿಯಲ್ಲಿ ಮುಟ್ಟಿದರೆ ರಕ್ತ ಬರುವ ಕೆಂಪು ಗಂಟು ಎದ್ದರೆ ಕ್ಯಾನ್ಸರ್ ಎಂದು ಗಾಬರಿಯಾಗಬೇಡಿ, ದಂತವೈದ್ಯರಿಗೆ ತೋರಿಸಿ. ಬಸಿರಿನ ಗಂಟಾದರೆ ಹೆರಿಗೆಯ ನಂತರ ಸಾಮಾನ್ಯವಾಗಿ ತಾನೇ ಕರಗುತ್ತದೆ.